ಹ್ಯಾಂಡಲ್ ಚೀಲ ಮೀಮಾಂಸೆ ಅಥವಾ ಓಡುವ ಸೈಕಲ್ಲಿನ ಮೇಲೆ ಕಡಲೆಮಿಠಾಯಿ ಪ್ರಾಪ್ತಿವಿಚಾರ

ಚೀಲಶಾಸ್ತ್ರದಲ್ಲಿ ಈವರೆಗೆ ನಡೆದಿರುವ ಕೆಲಸವೆಲ್ಲ ಚೀಲದೊಳಕ್ಕೆ ಹಾಕುವುದನ್ನು ಕುರಿತದ್ದು. ತೆಗೆಯುವುದರ ಬಗ್ಗೆ ವಿದ್ವಾಂಸರು ತುಟಿ ಬಿಚ್ಚಿಲ್ಲ. ಅಂಗಡಿಯವರಂತೂ ಮೂರು ಲೀಟರು, ಏಳು ಲೀಟರು, ಹತ್ತು ಲೀಟರು ಎಂದು ಹಾಲು ಅಳೆದಂತೆ ಚೀಲ ಅಳೆದು ಕೊಡುತ್ತಾರೆ. ಹತ್ತು ಲೀಟರಿನ ತಳದಲ್ಲಿ ಕೂತ ಒಂದು ಕಡಲೆಮಿಠಾಯಿಯನ್ನು ಸೈಕಲ್ ನಿಲ್ಲಿಸದೆ, ಕಣ್ಣನ್ನು ರಸ್ತೆಯಿಂದ ಕೀಳದೆ, ಒಂದೇ ಕೈಯಲ್ಲಿ ಈಚೆ ತೆಗೆಯಲು ಎಷ್ಟು ಹೊತ್ತು ಬೇಕು? ಲೀಟರಿನಲ್ಲಿ ಇದಕ್ಕೆ ಉತ್ತರವಿಲ್ಲ. ಈ ಕೊರತೆಯನ್ನು ತುಂಬುವ ಭಾರ ಪ್ರಸ್ತುತ ಲೇಖಕನ ಮೇಲೆ ಬಿದ್ದಿದೆ. ಯಾರೂ ಹೊರಿಸಿದ್ದಲ್ಲ, ಒಂದು ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ತಾನಾಗಿ ಬಿದ್ದದ್ದು, ಚೀಲ ಮತ್ತು ಸೈಕಲ್ಲಿನ ಸಮೇತ.

ಮೊದಲು ಶಬ್ದವಿಚಾರ. ಕನ್ನಡಕ್ಕೆ ಚೀಲಗಳ ಬಡತನ ಎಂದೂ ಇರಲಿಲ್ಲ. ಸಂಚಿ, ಜೋಳಿಗೆ, ಹಸಿಬೆ, ಬಗಲಚೀಲ, ಗೋಣಿ, ಒಂದೊಂದಕ್ಕೂ ಒಂದೊಂದು ಸ್ವಭಾವ. ಹಸಿಬೆ ಎಂದರೆ ನಡುವೆ ಬಾಯಿ ಇಟ್ಟುಕೊಂಡು ಎರಡು ಕಡೆಗೂ ಜೋಲುವ ಉದ್ದ ಚೀಲ. ಹೆಗಲ ಮೇಲೆ ಹಾಕಿಕೊಂಡು ಸಂತೆಗೆ ಹೋಗುವಂಥದ್ದು. ಇವತ್ತು ಸೈಕಲ್ಲಿನ ಹಿಂದಿನ ಕ್ಯಾರಿಯರಿನ ಎರಡು ಮಗ್ಗುಲಿಗೂ ತೂಗುಬಿಡುವ ಚೀಲಗಳು ಅದರದೇ ವಂಶ. ಅವು ನಮ್ಮ ವಿಷಯವಲ್ಲ. ಬೆನ್ನ ಹಿಂದಿನದು ಬೇಕೆಂದರೆ ಇಳಿಯಲೇಬೇಕು, ಇಳಿದ ಮೇಲೆ ಗೋಣಿಯಾದರೂ ಒಂದೇ. ಜೋಳಿಗೆಗೆ ಬಾಯಿ ದೊಡ್ಡದು ನಿಜ, ಆದರೆ ಅದು ಇನ್ನೊಬ್ಬರು ಹಾಕಲಿ ಎಂದು ಬಿಟ್ಟ ಬಾಯಿ. ಉಳಿಯುವುದು ಎಲೆಅಡಿಕೆ ಸಂಚಿ. ಅದರ ಹತ್ತಿರ ಆಮೇಲೆ ಬರುತ್ತೇನೆ. ಹಿರಿಯರನ್ನು ಕೊನೆಗೇ ಕರೆಯುವುದು ಸಭಾಮರ್ಯಾದೆ.

ಇನ್ನು ಇತಿಹಾಸ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಊರಿನಿಂದ ಕಾರ್ಲ್ ಡ್ರೈಸ್ ಎಂಬಾತ ಮರದ ದ್ವಿಚಕ್ರಿಯೊಂದನ್ನು ಕಾಲಿನಿಂದ ನೆಲ ಒದ್ದುಕೊಂಡು ಓಡಿಸಿದ. ಪೆಡಲ್ ಇರಲಿಲ್ಲ, ಚೈನ್ ಇರಲಿಲ್ಲ. ಎದೆಯ ಮುಂದೆ ಮೊಳಕೈ ಊರಲು ಮೆತ್ತೆ ಹಾಕಿದ ಹಲಗೆಯೊಂದಿತ್ತು. ಇಂದು ನಾವು ಚೀಲ ಕಟ್ಟಲು ಹೊಡೆದಾಡುವ ಜಾಗದಲ್ಲಿ ಆ ಪುಣ್ಯಾತ್ಮ ಮೊಳಕೈ ಇಟ್ಟಿದ್ದ. ಮೊದಲ ದಿನದಿಂದಲೂ ಅದು ಕೈಯ ಆಸ್ತಿ, ಚೀಲ ಅಲ್ಲಿ ಬರಿಯ ಬಾಡಿಗೆದಾರ ಎಂಬ ನನ್ನ ವಾದಕ್ಕೆ ಇದೇ ಆಧಾರ.

ಆಮೇಲೆ ಬಾಡಿಗೆದಾರರು ಬಹಳ ಬಂದರು. ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು, ಟಿಫನ್ ಕ್ಯಾರಿಯರು, ವೈರಿನ ಬುಟ್ಟಿ, ಅಂಚೆಯವರ ಖಾಕಿ ಚೀಲ ಎಲ್ಲವೂ ಹ್ಯಾಂಡಲ್ಲಿಗೆ ನೇತುಬಿದ್ದಿವೆ. ಇವರಲ್ಲಿ ನಿಜವಾದ ಶಾಸ್ತ್ರಜ್ಞ ಎಂದರೆ ಪೇಪರ್ ಹಾಕುವ ಹುಡುಗ. ಅವನ ಚೀಲಕ್ಕೆ ಮುಚ್ಚಳವಿಲ್ಲ, ಜಿಪ್ಪಿಲ್ಲ, ಬಕಲ್ ಇಲ್ಲ. ಮಡಚಿದ ಪತ್ರಿಕೆಗಳು ತಲೆ ಮೇಲೆ ಮಾಡಿ ನಿಂತಿರುತ್ತವೆ. ಕೈ ಹೋಗುತ್ತದೆ, ಒಂದು ಬರುತ್ತದೆ, ಎರಡನೇ ಮಹಡಿಗೆ ಹಾರುತ್ತದೆ. ಅದು ಬಕೆಟ್ಟಿನೊಳಗೆ ಬೀಳುವುದು ಚೀಲದ ದೋಷವಲ್ಲ.

ಫ್ರಾನ್ಸಿನಲ್ಲಿ ಈ ವಿದ್ಯೆ ಬೇರೆ ದಾರಿ ಹಿಡಿಯಿತು. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಪ್ಯಾರಿಸ್‌ಗೆ ಮರಳುವ ಸುಮಾರು 1200 ಕಿಲೋಮೀಟರಿನ ಸವಾರಿ ಮೊದಲು ನಡೆದದ್ದು 1891ರಲ್ಲಿ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಹೆಚ್ಚೆಂದರೆ 90 ಗಂಟೆ ಕೊಡುತ್ತಾರೆ, ಭಾರತದಿಂದಲೂ ಸವಾರರು ಹೋಗುತ್ತಾರೆ. 90 ಗಂಟೆಯಲ್ಲಿ ಪ್ರತಿ ಬಾರಿ ಬಿಸ್ಕತ್ತಿಗಾಗಿ ಇಳಿದರೆ ಬ್ರೆಸ್ಟ್ ಊರು ಬರುವುದೇ ಇಲ್ಲ. ಹಾಗಾಗಿ ಅವರು ಮುಂಚಕ್ರದ ಮೇಲೆ ಪುಟ್ಟ ಕ್ಯಾರಿಯರು ಕೂರಿಸಿ, ಅದರ ಮೇಲೆ ಕ್ಯಾನ್ವಾಸಿನ ಚೌಕದ ಚೀಲ ಇಟ್ಟರು. ಮುಚ್ಚಳದ ಮೇಲೆ ಪಾರದರ್ಶಕ ಜೇಬು, ಅದರಲ್ಲಿ ದಾರಿಯ ಪಟ್ಟಿ. ಓಡುತ್ತಲೇ ಓದಬಹುದು, ಓಡುತ್ತಲೇ ತಿನ್ನಬಹುದು. ಜರ್ಮನ್ನರು ಮಳೆಯನ್ನು ಕುರಿತು ಯೋಚಿಸಿದರು. 1982ರಲ್ಲಿ ಶುರುವಾದ ಓರ್ಟ್‌ಲೀಬ್ ಕಂಪನಿಯ ಮೊದಲ ಸೈಕಲ್ ಚೀಲಗಳು ಲಾರಿಯ ಟಾರ್ಪಾಲಿನವು. ತುಮಕೂರು ರಸ್ತೆಯಲ್ಲಿ ಅಷ್ಟೊಂದು ಟಾರ್ಪಾಲು ನಮ್ಮ ಕಣ್ಣೆದುರೇ ಪಟಪಟಿಸಿಕೊಂಡು ಹೋಗುತ್ತಿದ್ದರೂ ಈ ಯೋಚನೆ ನಮಗೇಕೆ ಬರಲಿಲ್ಲ ಎಂಬುದು ಪ್ರತ್ಯೇಕ ಪ್ರಬಂಧಕ್ಕೆ ವಸ್ತು.

ಈಗ ಮಾನದಂಡ. ಹ್ಯಾಂಡಲ್ಲಿನಿಂದ ಕೈ ಎದ್ದ ಕ್ಷಣದಿಂದ ಕಡಲೆಮಿಠಾಯಿ ಬಾಯಿಗೆ ಬಿದ್ದು ಕೈ ಮತ್ತೆ ಹ್ಯಾಂಡಲ್ಲಿಗೆ ಮರಳುವವರೆಗಿನ ಕಾಲಕ್ಕೆ ‘ಕಡಲೆಮಾನ’ ಎಂದು ಹೆಸರಿಟ್ಟಿದ್ದೇನೆ. ಕಾಗದ ಬಿಡಿಸುವ ಕೆಲಸವನ್ನು ಮನೆಯಲ್ಲೇ ಮುಗಿಸಿರತಕ್ಕದ್ದು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಸೈಕಲ್ಲು ಒಂದು ಸೆಕೆಂಡಿಗೆ ಐದೂವರೆ ಮೀಟರು ಸರಿಯುತ್ತದೆ. ಆರು ಸೆಕೆಂಡು ತಡಕಾಡಿದರೆ 33 ಮೀಟರು. ಬೆಂಗಳೂರಿನಲ್ಲಿ 33 ಮೀಟರು ಎಂದರೆ ಒಂದು ಹಂಪು, ಎರಡು ಗುಂಡಿ, ರಾಂಗ್ ಸೈಡಿನಲ್ಲಿ ಬರುವ ಒಂದು ಸ್ಕೂಟರು ಮತ್ತು ಭಿನ್ನಾಭಿಪ್ರಾಯವುಳ್ಳ ಒಂದು ನಾಯಿ.

ಪ್ರಯೋಗ ಶುರುವಾದದ್ದು ಸುರುಳಿ ಚೀಲದಿಂದ. ಹ್ಯಾಂಡಲ್ಲಿಗೆ ಅಡ್ಡಡ್ಡ ಕಟ್ಟಿ ಎರಡು ತುದಿಗಳನ್ನೂ ಹಾಸಿಗೆಯಂತೆ ಸುತ್ತಿ ಬಕಲ್ ಹಾಕುವ ಈ ಚೀಲ ಟೆಂಟು, ಹೊದಿಕೆ ಒಯ್ಯುವವರಿಗೆ ಬಹಳ ಒಳ್ಳೆಯದು. ಒಳಕ್ಕೆ ಮಳೆ ಹೋಗುವುದಿಲ್ಲ. ಕೈಯೂ ಹೋಗುವುದಿಲ್ಲ. ಇದರ ಕಡಲೆಮಾನವನ್ನು ಸೆಕೆಂಡಿನಲ್ಲಿ ಹೇಳುವ ಹಾಗಿಲ್ಲ, ಬಸ್ ಸ್ಟಾಪುಗಳಲ್ಲಿ ಹೇಳಬೇಕು.

ಎರಡನೆಯದು ಜಿಪ್ಪಿನ ಚೀಲ. ಜಿಪ್ಪು ಎಳೆಯಲು ಒಂದು ಕೈ, ಎಳೆದ ಕಡೆಗೆ ಚೀಲ ಬರದಂತೆ ಹಿಡಿಯಲು ಇನ್ನೊಂದು ಕೈ ಬೇಕೆಂಬುದನ್ನು ಟೇಬಲ್ಲಿನ ಮುಂದೆ ಕೂತು ಚೀಲ ಹೊಲಿಯುವವರು ಮರೆಯುತ್ತಾರೆ. ನಾನು ಬಲಕ್ಕೆ ಎಳೆದೆ. ಜಿಪ್ಪಿನ ಹಿಂದೆ ಚೀಲ ಬಂತು, ಚೀಲದ ಹಿಂದೆ ಹ್ಯಾಂಡಲ್ಲು, ಹ್ಯಾಂಡಲ್ಲಿನ ಹಿಂದೆ ಸೈಕಲ್ಲು, ಸೈಕಲ್ಲಿನ ಜೊತೆಗೆ ನಾನು, ನಮ್ಮೆಲ್ಲರ ಹಿಂದೆ ಒಂದು ಲಾರಿಯ ಹಾರನ್ನು. ಆ ಮೇಲೆ ಜಿಪ್ಪಿನ ತುದಿಗೆ ಬೆರಳು ತೂರುವಷ್ಟು ದಾರದ ಕುಣಿಕೆ ಹಾಕಿದೆ; ಕಾಲು ಭಾಗ ಸದಾ ತೆರೆದೇ ಇಟ್ಟೆ. ಸುಧಾರಿಸಿತು. ಆದರೆ ತೆರೆದಿಟ್ಟ ಕಾಲು ಭಾಗದಿಂದ ಹಂಪಿನ ಮೇಲೆ ಮನೆ ಬೀಗದ ಕೈ ಹಾರಿಹೋಯಿತು, ಹಾರಿದ್ದು ಸಂಜೆ ಬಾಗಿಲ ಮುಂದೆ ನಿಂತಾಗ ತಿಳಿಯಿತು.

ಹೀಗೆ ಮುಚ್ಚಳದ ಚೀಲಕ್ಕೆ ಬಂದೆ, ಬಂದಲ್ಲಿ ಎರಡು ಪಂಥಗಳ ನಡುವೆ ಸಿಕ್ಕಿಕೊಂಡೆ. ಮುಚ್ಚಳದ ಕೀಲು ಚೀಲದ ಮುಂದಿನ ಅಂಚಿನಲ್ಲಿರಬೇಕು ಎನ್ನುವವರು ಮುಂಗೀಲಿಗಳು. ಸವಾರನ ಕಡೆಯ ಅಂಚಿನಲ್ಲಿರಬೇಕು ಎನ್ನುವವರು ಹಿಂಗೀಲಿಗಳು. ಮುಂಗೀಲಿಗಳ ಪಕ್ಷ ಹೀಗೆ: ಕೈ ನೇರವಾಗಿ ಒಳಗೆ ಹೋಗುತ್ತದೆ, ಅಡ್ಡ ಏನೂ ಇಲ್ಲ, ಕೈ ತೆಗೆದರೆ ಎದುರುಗಾಳಿಯೇ ಮುಚ್ಚಳವನ್ನು ಮುಚ್ಚುತ್ತದೆ. ಹಿಂಗೀಲಿಗಳ ಆಕ್ಷೇಪ: ಗಾಳಿ ಮುಚ್ಚುವುದು ಕೈ ತೆಗೆದ ಮೇಲಲ್ಲ, ಕೈ ಒಳಗಿರುವಾಗಲೇ. ಇದಕ್ಕೆ ಸಮಾಧಾನ: ಮಣಿಕಟ್ಟಿನ ಮೇಲೆ ಮುಚ್ಚಳ ಮಲಗಿದರೆ ನೋವಿಲ್ಲ. ಪ್ರತ್ಯಾಕ್ಷೇಪ: ಹಿಂಗೀಲಿನ ಮುಚ್ಚಳ ತೆರೆದರೆ ಗಾಳಿ ಅದನ್ನು ತೆರೆದೇ ಹಿಡಿಯುತ್ತದೆ, ಎರಡು ಕೈಯೂ ಹ್ಯಾಂಡಲ್ಲಿಗೆ ಬಿಡುವು. ಮುಂಗೀಲಿಗಳು ನಕ್ಕು, ತೆರೆದೇ ಹಿಡಿದದ್ದರಿಂದಲೇ ನಿಮ್ಮ ಬಿಲ್ಲು ದೇವನಹಳ್ಳಿಯ ದ್ರಾಕ್ಷಿ ತೋಟಕ್ಕೆ ಹಾರಿತು ಎನ್ನುತ್ತಾರೆ. ನಾನು ಮುಂಗೀಲಿ. ಬಿಲ್ಲು ನನ್ನದು.

ಚೀಲ ಕಟ್ಟುವ ಬಗೆಯಲ್ಲಿಯೂ ಮೂರು ಮತಗಳಿವೆ. ಮೂರಕ್ಕೂ ನಮ್ಮ ನಾಡಿನಲ್ಲಿ ಮಠಗಳಿರುವುದರಿಂದ ಮಾತು ನೋಡಿಕೊಂಡು ಆಡಬೇಕು. ಪಟ್ಟಿ ಬಿಗಿದು ಕಟ್ಟಿದ ಚೀಲ ಹ್ಯಾಂಡಲ್ಲಿಗಿಂತ ಬೇರೆಯಲ್ಲ ಎಂದು ಒಂದು. ಕ್ಲಿಕ್ಕೆಂದು ಕಳಚಿಕೊಂಡು ನಮ್ಮ ಜೊತೆ ದರ್ಶಿನಿಯೊಳಗೆ ಬರುವ ಚೀಲ ಎಂದೆಂದಿಗೂ ಬೇರೆಯೇ ಎಂದು ಇನ್ನೊಂದು. ಬೇರೆ ಹೌದು, ಆದರೆ ಕೆಳಗಿನ ಕ್ಯಾರಿಯರಿನ ಆಶ್ರಯವಿಲ್ಲದೆ ಅದಕ್ಕೆ ಇರವಿಲ್ಲ ಎಂದು ಮೂರನೆಯದು. ಪರ್ಸು, ಫೋನು ಚೀಲದಲ್ಲಿಡುವವರು ಇಡ್ಲಿ ತಿನ್ನುವ ಹೊತ್ತಿಗಾದರೂ ಎರಡನೆಯ ಮತಕ್ಕೆ ಸೇರುವುದು ಕ್ಷೇಮ. ಸೇರುವ ಮುನ್ನ ಹ್ಯಾಂಡಲ್ಲಿನ ದಪ್ಪ ಅಳೆಯಿರಿ. ಹಳೆಯವು ನಡುವೆ 25.4 ಮಿಲಿಮೀಟರು, ಹೊಸವು ಬಹುಮಟ್ಟಿಗೆ 31.8. ಈ 6.4 ಮಿಲಿಮೀಟರಿನ ಸಂದಿಯಲ್ಲಿ ನನ್ನ ಒಂದಿಡೀ ಭಾನುವಾರ ಬಿದ್ದುಹೋಯಿತು. ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲಾದರೆ ಎರಡು ಬ್ರೇಕುಗಳ ನಡುವಿನ ತೆರಪನ್ನೂ ಅಳೆಯಬೇಕು. ಗೇರಿನ ಸನ್ನೆಯನ್ನು ಒಳಕ್ಕೆ ಒತ್ತುವಾಗ ಅದು ಚೀಲದ ಕೆನ್ನೆಗೆ ಹೊಡೆಯುತ್ತದೆ. ಕುಳ್ಳಗಿನ ಫ್ರೇಮಾದರೆ ಚೀಲದ ಹೊಟ್ಟೆ ಟೈರಿಗೆ ತಾಗುತ್ತದೆ. ಮುಂದಿನ ಲೈಟು ಚೀಲದ ಹಿಂದೆ ಸಿಕ್ಕಿಕೊಂಡು ಚೀಲದ ಬೆನ್ನನ್ನು ಮಾತ್ರ ಬೆಳಗುತ್ತದೆ. ಇಷ್ಟೆಲ್ಲ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಓಣಿಯ ಪಂಕ್ಚರ್ ಅಂಗಡಿಯವನು ನನ್ನ ಹ್ಯಾಂಡಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚೀಲದಡಿ ಮಡಚಿಕೊಂಡಿದ್ದ ವೈರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಸಾರ್, ಬ್ಯಾಗ್‌ಗೆ ಬ್ರೇಕ್ ಹಾಕ್ಸಿದೀರೋ, ಬ್ರೇಕ್‌ಗೆ ಬ್ಯಾಗ್ ಹಾಕ್ಸಿದೀರೋ?” ಎಂದು ಕೇಳಿದ. ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಖಚಿತವಾದ ಪ್ರಶ್ನೆಯನ್ನು ಯಾರೂ ಎತ್ತಿಲ್ಲ.

ಭೌತವಿಜ್ಞಾನವನ್ನು ಮುಟ್ಟದೆ ಹೋದರೆ ಪ್ರಬಂಧಕ್ಕೆ ತೂಕ ಬರುವುದಿಲ್ಲ. ಸೈಕಲ್ಲು ನೆಟ್ಟಗೆ ಓಡುವುದು ತಿರುಗುವ ಚಕ್ರದ ಬುಗುರಿ ಗುಣದಿಂದ, ಇಲ್ಲವೇ ಮುಂಚಕ್ರ ಹ್ಯಾಂಡಲ್ಲಿನ ಅಕ್ಷವನ್ನು ಹಿಂಬಾಲಿಸಿ ಬರುವುದರಿಂದ ಎಂದು ಬಹುಕಾಲ ನಂಬಿದ್ದರು. 2011ರಲ್ಲಿ ಐವರು ಸಂಶೋಧಕರು ಈ ಎರಡೂ ಇಲ್ಲದ ಸೈಕಲ್ಲೊಂದನ್ನು ಕಟ್ಟಿ, ಅದು ಸವಾರನಿಲ್ಲದೆಯೂ ಬೀಳದೆ ಓಡುವುದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ನನ್ನ ಸೈಕಲ್ಲಿಗೆ ಆ ಎರಡೂ ಇವೆ, ಸವಾರನೂ ಇದ್ದಾನೆ; ಬೀಳುತ್ತದೆ. ಭಾರ ಎಲ್ಲಿ ಕೂತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂಬ ಅವರ ಮಾತನ್ನು ನಾನು ಮನಸ್ಸಿಗೆ ತೆಗೆದುಕೊಂಡಿದ್ದೇನೆ. ಬೀಗ, ಪಂಪು, ಪಾನಾ ಹ್ಯಾಂಡಲ್ ಚೀಲಕ್ಕೆ ಸಲ್ಲ. ಏರಿನಲ್ಲಿ ನಿಧಾನವಾದಾಗ ಮುಂಭಾರದ ಹ್ಯಾಂಡಲ್ಲು ನಿದ್ದೆಗಣ್ಣಿನವನ ತಲೆಯಂತೆ ಒಂದು ಕಡೆಗೆ ವಾಲುತ್ತದೆ. ಭಾರದ್ದು ತಳಕ್ಕೆ, ಮೈಗೆ ಹತ್ತಿರಕ್ಕೆ; ತಿನ್ನುವುದು ಮೇಲಕ್ಕೆ. ಆದರೂ ಗುಂಡಿ ರಸ್ತೆಯಲ್ಲಿ ಹತ್ತು ಕಿಲೋಮೀಟರು ಹೋದರೆ ಮೇಲಿದ್ದ ಮಿಠಾಯಿ ತಳಕ್ಕೂ ತಳದಲ್ಲಿದ್ದ ಸನ್‌ಸ್ಕ್ರೀನ್ ಟ್ಯೂಬು ಮೇಲಕ್ಕೂ ಬಂದಿರುತ್ತವೆ. ಚೀಲದ ಮುಚ್ಚಳ ತೆಗೆದಿರುವುದಿಲ್ಲ, ಟ್ಯೂಬಿನ ಮುಚ್ಚಳ ಮಾತ್ರ ತೆಗೆದಿರುತ್ತದೆ.

ಇಲ್ಲಿ ದೊಡ್ಡಮ್ಮನನ್ನು ಕರೆಯಬೇಕು. ಅವರ ಎಲೆಅಡಿಕೆ ಸಂಚಿ ಅಂಗೈ ಅಗಲದ್ದು, ಒಳಗೆ ಪದರ ಪದರವಾಗಿ ಆರೇಳು ಅರೆ. ಎಲೆಗೆ ಒಂದು, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ, ಲವಂಗಕ್ಕೆ, ಚಿಲ್ಲರೆಗೆ, ಯಾರಿಗೂ ತೋರಿಸದ ಒಂದು ನೋಟಿಗೆ. ಕರೆಂಟು ಹೋದ ರಾತ್ರಿ ದೀಪ ತರುವ ತನಕ ಕಾಯದೆ, ಮಾತು ನಿಲ್ಲಿಸದೆ, ಕತ್ತಲಲ್ಲೇ ಎಲೆಗೆ ಸುಣ್ಣ ಸವರಿ ಮಡಚಿ ದವಡೆಗಿಡುತ್ತಿದ್ದರು. ಒಂದು ದಿನವೂ ಅಡಿಕೆಯ ಬದಲು ನಾಲ್ಕಾಣೆ ಅಗಿದದ್ದಿಲ್ಲ. ಬಾಯಿ ಬಿಗಿಯಲು ಲಾಡಿ: ಎರಡೂ ತುದಿ ಎಳೆದರೆ ಮುಚ್ಚಿತು, ಎರಡು ಬೆರಳು ತೂರಿಸಿದರೆ ತೆರೆಯಿತು. ಈಗ ಅಂಗಡಿಗಳಲ್ಲಿ ಹ್ಯಾಂಡಲ್ಲಿನ ನಡುಗೂಟಕ್ಕೆ ಕಟ್ಟುವ ಲೋಟದಾಕಾರದ ಲಾಡಿ ಚೀಲ ಸಿಗುತ್ತದೆ. ನಿಂತು ಪೆಡಲ್ ತುಳಿದರೆ ಮಂಡಿಗೆ ಬಡಿಯುತ್ತದೆ ಎಂಬ ದೂರನ್ನು ಬಿಟ್ಟರೆ ಅದರ ಕಡಲೆಮಾನ ಮೂರು ಸೆಕೆಂಡು. ದೊಡ್ಡಮ್ಮನ ಸಂಚಿಯೇ ಪರದೇಶಕ್ಕೆ ಹೋಗಿ ಹೆಸರು ಬದಲಿಸಿಕೊಂಡು ಬಂದಿದೆ. ಅರೆಗಳನ್ನು ಅಲ್ಲೇ ಬಿಟ್ಟುಬಂದಿದೆ. ಅದನ್ನು ನಾನು ಹಳೆಯ ಪ್ಯಾಂಟಿನ ಜೇಬು ಹೊಲಿಸಿ ಸರಿಮಾಡಿಕೊಂಡೆ.

ಇಷ್ಟಕ್ಕೆ ಸಿದ್ಧಾಂತ ಮುಗಿಯಬೇಕಿತ್ತು. ಮುಗಿಯದಿದ್ದಕ್ಕೆ ಕಾರಣ ಎಡಗೈ.

ನನ್ನ ಸೈಕಲ್ಲಿನಲ್ಲಿ ಮುಂದಿನ ಬ್ರೇಕು ಬಲಗೈಯಲ್ಲಿದೆ, ನಿಲ್ಲಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಅದರದೇ. ಹಿಂದಿನ ಗೇರುಗಳೂ ಬಲಗೈಯವೇ. ನಾವು ರಸ್ತೆಯ ಎಡಕ್ಕೆ ಓಡುವವರಾದ್ದರಿಂದ ಬಲಕ್ಕೆ ಸರಿಯುತ್ತೇನೆ ಎಂದು ಹಿಂದಿನವರಿಗೆ ಹೇಳಬೇಕಾದ್ದೂ ಬಲಗೈಯೇ. ಚೀಲಕ್ಕೆ ಹೋಗಲು ಬಿಡುವಾಗಿರುವುದು ಎಡಗೈ ಒಂದೇ. ಯುರೋಪಿನವರು ಬರೆದದ್ದರಲ್ಲಿ ಇದೊಂದು ಸಮಸ್ಯೆ ಎಂಬ ಸುಳಿವೂ ಇಲ್ಲ. ಅವರ ಬೆನ್ನಿಗೆ ಬಾಲ್ಯದಲ್ಲಿ ಯಾರೂ ಸೌಟಿನಿಂದ ಹೊಡೆದಿಲ್ಲ. ದೊಡ್ಡಮ್ಮನ ವಿಧಾನದಲ್ಲಿ ಸಂಚಿ ಎಡಗೈಯಲ್ಲಿ, ತೆಗೆಯುವುದು ತಿನ್ನುವುದು ಬಲಗೈಯಲ್ಲಿ. ಅವರಿಗೆ ಬ್ರೇಕ್ ಹಿಡಿಯುವ ಪ್ರಸಂಗ ಇರಲಿಲ್ಲ. ಎಡಗೈಯಲ್ಲಿ ತೆಗೆದು ಬಲಗೈಗೆ ದಾಟಿಸುವುದೆಂದರೆ ಒಂದು ಗಳಿಗೆ ಎರಡೂ ಕೈ ಬಿಟ್ಟಂತೆ. ಆಪತ್ತಿನಲ್ಲಿ ನಡೆಯುತ್ತದೆ ಎಂದು ನನಗೆ ನಾನೇ ಫತ್ವಾ ಕೊಟ್ಟುಕೊಂಡು, ಗಡುವಿನೊಳಗೆ ಮುಗಿಸಬೇಕಾದ, ಬ್ರೆವೆ ಎಂಬ 200 ಕಿಲೋಮೀಟರಿನ ಸವಾರಿಯೊಂದಕ್ಕೆ ಹೆಸರು ಕೊಟ್ಟೆ. ಹದಿಮೂರೂವರೆ ಗಂಟೆ ಅವಕಾಶ. ಒಂದೊಂದು ಸೆಕೆಂಡೂ ಶಾಸ್ತ್ರಕ್ಕೆ ಮೀಸಲು.

ಕೋಲಾರದ ಕಡೆ, ಬಿಸಿಲು ಏರಿದ ಹೊತ್ತು. ಲಾಡಿ ಸಡಿಲಿಸಿದೆ, ಎರಡನೇ ಅರೆ, ಕಡಲೆಮಿಠಾಯಿ ಎಡಗೈಗೆ ಬಂತು, ಎರಡೇ ಸೆಕೆಂಡು. ಬಾಯಿ ತೆರೆದೆ. ಪಕ್ಕದಲ್ಲಿ ಹಸಿಹುಲ್ಲಿನ ಹೊರೆ ಕಟ್ಟಿಕೊಂಡ ಹಳೇ ಸೈಕಲ್ಲೊಂದು ಕಿರುಗುಟ್ಟುತ್ತ ನನ್ನ ಸಮಕ್ಕೆ ಬಂತು. ಮೇಲಿದ್ದ ಅಜ್ಜ ನನ್ನ ಹೆಲ್ಮೆಟ್ಟು, ಕನ್ನಡಕ, ಚೀಲ ಎಲ್ಲವನ್ನೂ ಮೇಲಿಂದ ಕೆಳಕ್ಕೆ ಓದಿ, ಕೊನೆಗೆ ಕೈ ನೋಡಿದರು.

“ಎಡಗೈಲಿ ತಿಂತೀಯೇನಪ್ಪಾ?”

ಬ್ರೇಕ್ ಒತ್ತಿದೆ. ಕಾಲು ನೆಲಕ್ಕೆ ಕೊಟ್ಟೆ. ಮಿಠಾಯಿಯನ್ನು ಬಲಗೈಗೆ ದಾಟಿಸಿ ತಿಂದೆ. ಹಲ್ಲಿಗೆ ಅಂಟಿದ್ದನ್ನು ನೀರು ಕುಡಿದು ಇಳಿಸಿದೆ. ಕಡಲೆಮಾನ: ಎರಡು ನಿಮಿಷ ಹತ್ತು ಸೆಕೆಂಡು. ಅಷ್ಟರಲ್ಲಿ ಹುಲ್ಲಿನ ಹೊರೆ ತಿರುವು ದಾಟಿತ್ತು.