ಡಬಲ್ ಮೇಲ್‌ಗಳ ಮಳೆಗಾಲ

ಕಳಸದ ಕಡೆ ಜುಲೈನಲ್ಲಿ ಕರೆಂಟು ಬಂದದ್ದು ಗೊತ್ತಾಗುವಷ್ಟರಲ್ಲಿ ಹೊರಟಿರುತ್ತದೆ. ಮನುಷ್ಯರಿಗೆ ಇದು ರೂಢಿ, ಮೇಲ್ ಪ್ರೋಗ್ರಾಮಿಗಲ್ಲ. 1996ರ ಪಾಪ್3 ನಿಯಮದ ಪ್ರಕಾರ, ಮೇಲ್‌ಗಳನ್ನು ಇಳಿಸಿಕೊಂಡ ಕಂಪ್ಯೂಟರು ‘ಬರ್ತೀನಿ’ ಎಂದು ಹೇಳಿ ಹೊರಟರೆ ಮಾತ್ರ ಸರ್ವರ್ ತನ್ನ ಪ್ರತಿಯನ್ನು ಅಳಿಸುತ್ತದೆ. ಹೇಳದೆ ಕೇಳದೆ ಲೈನ್ ಹೋಯಿತೋ, ಎಲ್ಲವೂ ಅಲ್ಲೇ ಉಳಿಯುತ್ತವೆ. ಏನೇನು ಇಳಿಸಿದ್ದೆ ಎಂಬ ಲೆಕ್ಕವೂ ಕಂಪ್ಯೂಟರಿಗೆ ತಪ್ಪಿದ್ದರೆ ಅವೇ ಮೇಲ್‌ಗಳು ಇನ್ನೊಮ್ಮೆ ಹಾಜರ್. ಮೂಡಿಗೆರೆಯಲ್ಲೊಂದು ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಒಂದೇ ಕಾಫಿ ದರಪಟ್ಟಿ ಮೂರು ಸಲ ಬರುತ್ತದೆ. ದರ ಮಾತ್ರ ಮೂರರಲ್ಲೂ ಅಷ್ಟೇ!

“ಇದ್ರಲ್ಲಿ ಅಸಲಿ ಯಾವುದು ಮಾರಾಯ್ರೆ?” ಎಂದು ಪಕ್ಕದ ತೋಟದ ಸಾಹುಕಾರರು ಕೇಳಿದರು.

“ಎಲ್ಲವೂ ಅಸಲಿಯೇ.”

“ಹಾಗಾದ್ರೆ ಅಳಿಸೋದು ಹ್ಯಾಗೆ?”

ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮಿನಲ್ಲಿ ಇದಕ್ಕೆಂದೇ ಆಡ್-ಆನ್ ಸಿಗುತ್ತದೆ. ಮೆಸೇಜ್ ಐಡಿ, ದಿನಾಂಕ, ವಿಷಯ ಎಲ್ಲ ಹೋಲಿಸಿ ಜೋಡಿಗಳನ್ನು ಹಿಡಿದು ತೋರಿಸುತ್ತದೆ. ಐಡಿ ಹೋಲಿಸಿದರೆ ಕ್ಷೇಮ. ಬರೀ ವಿಷಯ ನೋಡಿ ಕೈಹಾಕಿದರೆ, ಮಗಳು ಬೆಂಗಳೂರಿನಿಂದ ‘ಹೇಗಿದ್ದೀರಿ’ ಎಂದು ಬರೆದವುಗಳಲ್ಲಿ ಒಂದೇ ಉಳಿದೀತು. ಅದನ್ನು ಅಮ್ಮಾವ್ರಿಗೆ ವಿವರಿಸುವವರು ಯಾರು?

ಸಾಹುಕಾರರು ನಕಲುಗಳನ್ನೆಲ್ಲ ಅಳಿಸಿದರು. ಆದರೂ ಮೇಲ್‌ಗಳಿರುವ ಕಡತದ ಗಾತ್ರ ಎಳ್ಳಷ್ಟೂ ಇಳಿಯಲಿಲ್ಲ. ಅಳಿಸಿದ ಮೇಲ್ ಕಣ್ಣಿಗೆ ಕಾಣದಿದ್ದರೂ ಕಡತದಲ್ಲಿ ಕೂತೇ ಇರುತ್ತದೆ, ‘ಕಾಂಪ್ಯಾಕ್ಟ್’ ಒತ್ತಿದರೆ ಮಾತ್ರ ಜಾಗ ಬಿಡುತ್ತದೆ. ಒತ್ತುವ ಮೊದಲು ಒಂದು ಬ್ಯಾಕಪ್ ತೆಗೆದಿಡಿ. ಹೌದು, ಅದೂ ಇನ್ನೊಂದು ನಕಲೇ. ಆದರೂ ತೆಗೆದಿಡಿ, ಅದೂ ಕರೆಂಟು ಇರುವಾಗಲೇ.