ಹಿಂದಿನ ಸೀಟಿನ ಲೆಕ್ಕ

ಅಂಬಾಸಿಡರ್ ಇಟ್ಟುಕೊಂಡವನಿಗೆ ಕೊಪ್ಪಳದಲ್ಲಿ ಸಲಹೆಗಳಿಗೆ ಬರವಿಲ್ಲ. ಹತ್ತರಲ್ಲಿ ಒಂಬತ್ತು ಸಲಹೆ ಅದನ್ನು ಮಾರುವುದರ ಬಗ್ಗೆ. ಹತ್ತನೆಯದು ಯಾರಿಗೆ ಮಾರಬೇಕೆಂಬುದರ ಬಗ್ಗೆ. ನನ್ನದು ಮಾರ್ಕ್ 4. ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಉತ್ತರಪಾರಾದಲ್ಲಿ ಹುಟ್ಟಿ 2014ರಲ್ಲಿ ಕಣ್ಣುಮುಚ್ಚಿದ ವಂಶದ ನಡುಗಾಲದ ಕುಡಿ. 2021ರ ಕೇಂದ್ರದ ನಿಯಮದಂತೆ ಐವತ್ತು ತುಂಬಿದ ಮೇಲಷ್ಟೇ ವಿಂಟೇಜ್ ಎಂಬ ಬಿರುದು. ನನ್ನದಕ್ಕಿನ್ನೂ ತುಂಬಿಲ್ಲವಾದ್ದರಿಂದ ಊರಿನವರು ಅದನ್ನು ‘ಡಬ್ಬಿ’ ಎನ್ನುತ್ತಾರೆ. ಕಾರ್ಖಾನೆಯೇನೋ ನಿಂತಿತು, ಕಾರು ನಿಲ್ಲುವುದು ಸ್ವಲ್ಪ ಕಷ್ಟ.

ನಾಲ್ಕೂ ಗಾಲಿಗೆ ಡ್ರಮ್ಮು. ಗಂಗಾವತಿ ರಸ್ತೆಯಲ್ಲಿ ಅಕ್ಕಿಮೂಟೆ ಹೊತ್ತ ಲಾರಿಯ ಬೆನ್ನಿಗೆ ಹೋಗುವಾಗ ಪೆಡಲ್ ಒತ್ತಿ, ಮನೆದೇವರನ್ನು ನೆನೆದು, ಫಲಿತಾಂಶಕ್ಕೆ ಕಾಯಬೇಕು. ಮಳೆಗಾಲದಲ್ಲಿ ಡ್ರಮ್ಮಿನೊಳಗೆ ನೀರು ಹೊಕ್ಕಿದ್ದರೆ ಎರಡನೆಯ ದೇವರನ್ನು ನೆನೆಯುವಷ್ಟು ಸಮಯ ಸಿಗುತ್ತದೆ. ಹೀಗಾಗಿ ಮುಂದಿನ ಎರಡು ಗಾಲಿಗೆ ಡಿಸ್ಕ್ ಹಾಕಿಸುವುದು, ಹಿಂದೆ ಹ್ಯಾಂಡ್‌ಬ್ರೇಕ್ ಸಮೇತ ಡ್ರಮ್ಮನ್ನೇ ಉಳಿಸುವುದು ಎಂದು ಮನೆಯಲ್ಲಿ ಠರಾವು ಪಾಸಾಯಿತು. ಡಿಸ್ಕ್ ಏನು ನಿನ್ನೆ ಮೊನ್ನೆಯ ವಿದ್ಯೆಯಲ್ಲ; 1902ರಲ್ಲೇ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಅದಕ್ಕೆ ಪೇಟೆಂಟ್ ಪಡೆದಿದ್ದ, 1953ರಲ್ಲಿ ಜಾಗ್ವಾರ್ ಅದನ್ನೇ ಕಟ್ಟಿಕೊಂಡು ಲ ಮಾನ್ ರೇಸು ಗೆದ್ದಿತ್ತು. ಕೊಪ್ಪಳದ ನನ್ನ ಓಣಿಗೆ ಬರಲು ಅದಕ್ಕೆ ಇಷ್ಟು ಕಾಲ ಹಿಡಿಯಿತು, ಅಷ್ಟೇ.

ಡಿಸ್ಕು, ಕ್ಯಾಲಿಪರು, ಎರಡು ಕೋಣೆಯ ಹೊಸ ಮಾಸ್ಟರ್ ಸಿಲಿಂಡರು ಹೊಂದಿಸುವುದು ಹಣದ ಪ್ರಶ್ನೆ. ಬ್ರೇಕ್ ಪೈಪಿಗೆ ಹಾಕುವ ವಾಲ್ವ್ ಯಾವುದೆಂಬುದು ಅಭಿಪ್ರಾಯದ ಪ್ರಶ್ನೆ, ಅದು ಹೆಚ್ಚು ದುಬಾರಿ. ಅದರಲ್ಲೂ ನಮ್ಮ ಜಿಲ್ಲೆಯಲ್ಲಿ 2024ರ ಆಗಸ್ಟ್ 10ರ ರಾತ್ರಿಯಿಂದೀಚೆಗೆ ವಾಲ್ವಿನ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯನೇ ಇಲ್ಲ. ಅಂದು ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟೇ ಕೊಚ್ಚಿಹೋಗಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಕಿಂಡಿ ಮುಚ್ಚುವವರೆಗೆ, ಆ ವಾರವಿಡೀ ನಮ್ಮ ಚಹಾದಂಗಡಿಗಳಲ್ಲಿ ಎಂಜಿನಿಯರಿಂಗ್ ತರಗತಿಗಳು ನಡೆದವು. ಅದರಲ್ಲಿ ಪಾಸಾದವರೆಲ್ಲ ಈಗ ನನ್ನ ಕಾರಿನ ಸುತ್ತ ನಿಂತಿದ್ದರು.

ಮೇಸ್ತ್ರಿ ಮಾತ್ರ ಬಾಯಿ ತೆರೆಯುವ ಮೊದಲು ಡ್ರೈವರನ ಕಾಲಡಿಯ ಮ್ಯಾಟ್ ಎತ್ತಿದ. ಈ ಕಾರಿನ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನಡಿ ಇಲ್ಲ. ಚಾಲಕನ ಪಾದದ ಕೆಳಗೆ ನೆಲಮಾಳಿಗೆಯಲ್ಲಿ ವಾಸ. ಬ್ರೇಕ್ ಆಯಿಲ್ ಹಾಕಲು ಬಂದ ಹೊಸ ಕಾಲದ ಹುಡುಗರು ಬಾನೆಟ್ಟೆಲ್ಲ ಜಾಲಾಡಿ, ಈ ಗಾಡಿಗೆ ಬ್ರೇಕೇ ಇಲ್ಲವೆಂದು ಷರಾ ಬರೆದದ್ದುಂಟು.

“ಕ್ಯಾಲಿಪರ್ ಮ್ಯಾಲೆ ಐತಿ, ಮಾಸ್ಟರ್ ಕೆಳಗೈತಿ. ಕಾಲು ತಗದ್ರ ಆಯಿಲ್ಲು ಇಳಕಲಿಗೆ ವಾಪಸ್ ಬರತೈತ್ರಿ” ಎಂದ ಮೇಸ್ತ್ರಿ. “ಮುಂದಿನ ಸಲ ಒತ್ತಿದ್ರ ಪೆಡಲ್ಲು ಸೀದಾ ಹುಲಿಗಿಗೆ ಹೋಗಿ ಅಮ್ಮನ ದರ್ಶನ ಮಾಡಿ ಬರತೈತಿ.”

ಅದಕ್ಕೆ ಮುಂದಿನ ಪೈಪಿಗೊಂದು 2 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್. ಕಾಲು ತೆಗೆದ ಮೇಲೂ ಪೈಪಿನಲ್ಲಿ ಚೂರೇ ಚೂರು ಒತ್ತಡ ಉಳಿಸಿ ಆಯಿಲ್ ಹಿಂದಿರುಗದಂತೆ ತಡೆಯುವುದು ಅದರ ಕೆಲಸ. ಹಿಂದಿನ ಡ್ರಮ್ಮಿಗೆ ಇದೇ ಜಾತಿಯದು, ಆದರೆ 10 ಪಿಎಸ್‌ಐ. ಅಲ್ಲಿ ಶೂಗಳನ್ನು ಎಳೆದು ಹಿಡಿಯುವ ಸ್ಪ್ರಿಂಗುಗಳು ಗಟ್ಟಿಯಾಗಿರುವುದರಿಂದ ಹತ್ತಕ್ಕೆಲ್ಲ ಅವು ಜಗ್ಗುವುದಿಲ್ಲ; ವ್ಹೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳ ಅಂಚು ಗೋಡೆಗೆ ಅಂಟಿಕೊಂಡಿದ್ದು ಗಾಳಿ ಒಳನುಗ್ಗದಿದ್ದರೆ ಸಾಕು. ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಈ ಅಂಕಿ ಕೇಳಿ ನಗು. “ಹತ್ತ? ಸೈಕಲ್ ಟ್ಯೂಬಿಗೂ ಸಾಲಂಗಿಲ್ರಿ. ಎರಡಕ್ಕೂ ಮೂವತ್ತು ಹೊಡಸ್ರಿ.” ಎರಡಕ್ಕೂ ಹತ್ತು ಹಾಕಿದರೇ ಆಯಿತು ಕಥೆ. ಡಿಸ್ಕಿಗೆ ಪ್ಯಾಡನ್ನು ಹಿಂದೆಳೆಯುವ ಸ್ಪ್ರಿಂಗಿಲ್ಲ, ಪ್ಯಾಡು ಸದಾ ಉಜ್ಜುತ್ತಲೇ ಇದ್ದು ಗಿಣಿಗೇರಾ ತಲುಪುವಷ್ಟರಲ್ಲಿ ಡಿಸ್ಕಿನ ಮೇಲೆ ರೊಟ್ಟಿ ಬೇಯಿಸಬಹುದು. ಹಳೆಯ ಮಾಸ್ಟರುಗಳ ಹೊಟ್ಟೆಯೊಳಗೆ ಡ್ರಮ್ಮಿಗೆಂದೇ ಇಂಥ ವಾಲ್ವೊಂದು ಮೊದಲಿನಿಂದ ಕೂತಿರುತ್ತದೆ. ಅದನ್ನು ಕಾಣದೆ ಮುಂದೆ ಡಿಸ್ಕ್ ಕಟ್ಟಿದವರು ‘ಡಿಸ್ಕೇ ಸರಿ ಇಲ್ಲ’ ಎಂದು ಬೈದುಕೊಂಡು ತಿರುಗುತ್ತಾರೆ.

ಇಷ್ಟಕ್ಕೆ ಮುಗಿಯಿತೆಂದುಕೊಳ್ಳುವಾಗ ಬೆಂಗಳೂರಿನ ಅಳಿಯ ಫೋನಿನಲ್ಲಿ ಹಿತ್ತಾಳೆಯ ಗಟ್ಟಿಯೊಂದರ ಚಿತ್ರ ಕಳಿಸಿದ. ಕಾಂಬಿನೇಷನ್ ವಾಲ್ವ್. ಅಮೆರಿಕದ ಹಳೇ ಕಾರುಗಳಿಗೆಂದು ಮಾಡಿದ್ದು. ಮುಂದಿನದನ್ನು ಕ್ಷಣಹೊತ್ತು ತಡೆಯುವ ಮೀಟರಿಂಗ್, ಹಿಂದಿನದನ್ನು ತಗ್ಗಿಸುವ ಪ್ರಪೋರ್ಷನಿಂಗ್, ಒಂದು ಕಡೆ ಸೋರಿದರೆ ದೀಪ ಹತ್ತಿಸುವ ಸ್ವಿಚ್ಚು, ಮೂರೂ ಒಂದೇ ಗಟ್ಟಿಯಲ್ಲಿ. ನೋಡಲು ಅಂದವೇ. ಆದರೆ ಅದರೊಳಗಿನ ತೂಕದ ಲೆಕ್ಕ ಯಾವುದೋ ದೇಶದ ಯಾವುದೋ ಕಾರಿನದು, ತಿರುಗಿಸಿ ಸರಿಪಡಿಸಲು ಬರುವುದಿಲ್ಲ, ಅದರ ಥ್ರೆಡ್ಡು ನಮ್ಮ ಪೈಪಿನ ನಟ್ಟಿಗೆ ಕೂಡುವುದೂ ಇಲ್ಲ. ಮೀಟರಿಂಗಂತೂ ನನ್ನ ಲೆಕ್ಕದಲ್ಲಿ ಈ ಕಾರಿಗೆ ಒಣ ಪ್ರತಿಷ್ಠೆ. ಹಿಂದಿನ ಶೂ ಡ್ರಮ್ಮನ್ನು ಮುಟ್ಟುವವರೆಗೆ ಮುಂದಿನ ಡಿಸ್ಕನ್ನು ಕಾಯಿಸುವುದಷ್ಟೇ ಅದರ ಉದ್ಯೋಗ. ಶೂಗಳನ್ನು ಆಗಾಗ ಸ್ಪ್ಯಾನರಿನಿಂದ ಬಿಗಿಮಾಡಿಕೊಂಡರೆ ಮುಕ್ಕಾಲುಪಾಲು ಕೆಲಸ ಪುಕ್ಕಟೆ ಆಗುತ್ತದೆ. ಅಳಿಯನಿಗೆ ಹೀಗೆಂದು ಹೇಳಲಿಲ್ಲ. ಅಳಿಯಂದಿರಿಗೆ ಯಾವುದನ್ನೂ ನೇರವಾಗಿ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ.

ಪ್ರಪೋರ್ಷನಿಂಗ್ ಮಾತ್ರ ಬೇಕೇಬೇಕು. ಡ್ರಮ್ಮು ತಿರುಗುವಾಗ ಶೂವನ್ನು ತಾನೇ ಕಚ್ಚಿ ಒಳಗೆಳೆದುಕೊಳ್ಳುತ್ತದೆ. ಡಿಸ್ಕಿಗೆ ಆ ಚಟವಿಲ್ಲ. ಅದಕ್ಕೆ ಹೆಚ್ಚು ಒತ್ತಡ ಕೊಡಬೇಕು. ಕೊಟ್ಟ ಒತ್ತಡ ಅಷ್ಟೂ ಹಿಂದಕ್ಕೂ ಹೋಗುತ್ತದೆ. ಅದೇ ಗಳಿಗೆಗೆ ಕಾರಿನ ಭಾರವೆಲ್ಲ ಮುಂದಕ್ಕೆ ಜರುಗಿ ಹಿಂದಿನ ಗಾಲಿಗಳು ಹಗುರಾಗಿರುತ್ತವೆ. ಫಲ: ಹಿಂದಿನವು ಮೊದಲು ಕಚ್ಚಿಕೊಂಡು, ಕಾರಿನ ಡಿಕ್ಕಿ ಬಾನೆಟ್ಟನ್ನು ಓವರ್‌ಟೇಕ್ ಮಾಡಲು ಹೊರಡುತ್ತದೆ. ಯಲಬುರ್ಗಾ ಕಡೆಯ ಎರೆಹೊಲಗಳಿಂದ ಟ್ರ್ಯಾಕ್ಟರುಗಳು ಹೊತ್ತು ತಂದ ಹಸಿ ಮಣ್ಣು ರಸ್ತೆಗೆ ಬಳಿದಿದ್ದರೆ ಇದಕ್ಕೆ ವೇಗವೂ ಬೇಕಿಲ್ಲ. ಹಿಂದಿನ ಪೈಪಿಗೆ ಈ ವಾಲ್ವ್ ಹಾಕಿದರೆ ಒಂದು ಮಟ್ಟದವರೆಗೆ ಮುಂದು ಹಿಂದು ಸಮ. ಆಮೇಲೆ ಹಿಂದಿನ ಒತ್ತಡ ನಿಧಾನಕ್ಕೆ ಏರುತ್ತದೆ. ಗುಬಟು ತಿರುಗಿಸಿ ಆ ಮಟ್ಟವನ್ನು ಏರಿಳಿಸಬಹುದು.

ಎಷ್ಟು ತಿರುಗಿಸಬೇಕು? ಅದು ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ನಾನೊಬ್ಬನೇ ಹೋಗುವಾಗ ಒಂದು ಲೆಕ್ಕ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಸೋದರತ್ತೆ, ಅವರ ಇಬ್ಬರು ಸೊಸೆಯರು, ತೊಡೆಯ ಮೇಲಿನ ಮೊಮ್ಮಕ್ಕಳು, ಡಿಕ್ಕಿಯಲ್ಲಿ ಕಟಿರೊಟ್ಟಿಯ ಗಂಟು, ಶೇಂಗಾಹಿಂಡಿಯ ಡಬ್ಬ ಏರಿದಾಗ ಬೇರೆಯೇ ಲೆಕ್ಕ. ಆಗ ಹಿಂದಿನ ಗಾಲಿಗಳು ನೆಲ ಕಚ್ಚಿ ಕೂರುತ್ತವೆ, ಇನ್ನಷ್ಟು ಬ್ರೇಕನ್ನು ತಾಳಿಕೊಳ್ಳುತ್ತವೆ. ಕುಷ್ಟಗಿಯ ಮೈದುನ ಹೆದ್ದಾರಿಯ ಪಕ್ಕ ಬೆಳೆದವನು, ಲಾರಿಗಳ ಭಾಷೆಯಲ್ಲೇ ಯೋಚಿಸುತ್ತಾನೆ. “ಗುಜರಿ ಪಿಕಪ್ಪಿನ ಎಲ್‌ಎಸ್‌ಪಿವಿ ಹಾಕ್ರಿ ಮಾವಾರ, ಯಾರು ಕುಂತಾರ ಅಂತ ತಾನ ತಿಳಕೊಂತೈತಿ.” ಸಲಹೆ ತಪ್ಪೇನಲ್ಲ. ಎಲ್‌ಎಸ್‌ಪಿವಿ ಎಂದರೆ ಭಾರ ನೋಡಿ ಹಿಂದಿನ ಒತ್ತಡ ಹೊಂದಿಸುವ ಪ್ರಪೋರ್ಷನಿಂಗ್ ವಾಲ್ವ್. ಆಕ್ಸಲ್ಲಿಗೂ ಬಾಡಿಗೂ ನಡುವೆ ಒಂದು ಸರಳು. ಭಾರಕ್ಕೆ ಬಾಡಿ ತಗ್ಗಿದಷ್ಟೂ ವಾಲ್ವ್ ತೆರೆಯುತ್ತದೆ. ಆದರೆ ಅದು ಆ ಪಿಕಪ್ಪಿನ ಪಟ್ಟಾಗಳ ಬಿಗುವಿಗೆ ಅಳೆದು ಕೂರಿಸಿದ್ದು. ನನ್ನ ಪಟ್ಟಾಗಳು ಖಾಲಿ ಇದ್ದಾಗಲೇ ಅತ್ತೆ ಕೂತಷ್ಟು ತಗ್ಗಿರುತ್ತವೆ.

ಈ ಚರ್ಚೆ ಅತ್ತೆಯ ಕಿವಿಗೆ ಬಿದ್ದದ್ದು ಹೇಗೋ. “ನನ್ನ ತೂಕದ ಮ್ಯಾಲೆ ಮಷೀನು ಮಾಡ್ಸಾಕ ಹತ್ಯಾನಂತ” ಎಂದು ಓಣಿಯಲ್ಲಿ ಸುದ್ದಿಯಾಯಿತು. ಖಾಲಿ ಕಾರಿಗೇ ಗುಬಟನ್ನು ಹೊಂದಿಸುವುದೆಂದು ತೀರ್ಮಾನವಾದದ್ದು ಸುರಕ್ಷತೆಯ ಕಾರಣಕ್ಕೆ. ಜನ ತುಂಬಿದಾಗ ಹಿಂದಿನ ಬ್ರೇಕು ಸ್ವಲ್ಪ ಸೋಮಾರಿಯಾಗುತ್ತದೆ, ಆದರೆ ಕಾರು ತಿರುಗುವುದಿಲ್ಲ. ಅತ್ತೆ ಮಾತ್ರ ಅದು ತಮ್ಮ ಗೌರವಾರ್ಥ ಆದದ್ದೆಂದೇ ನಂಬಿದ್ದಾರೆ.

ಗುಬಟು ಹೊಂದಿಸಲು ಒಣ, ನೇರ, ನಿರ್ಜನ ರಸ್ತೆ ಬೇಕು. ಮುಂದಿನ ಗಾಲಿ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಮೊದಲು ಕಚ್ಚುವಂತೆ ಒತ್ತಿ ನೋಡಿ, ತಿರುಗಿಸಿ, ಮತ್ತೆ ಒತ್ತಬೇಕು. ಯಲಬುರ್ಗಾದಾಚೆ ಅಂಥ ರಸ್ತೆಗೆ ಕೊರತೆಯಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕಿನ್ನಾಳದ ಮರದ ಗಿಳಿಯೊಂದನ್ನು ಇಟ್ಟಿದ್ದೆ, ಅದೇ ನನ್ನ ಮೀಟರು. ಡ್ರಮ್ಮಿನ ಕಾಲದಲ್ಲಿ ಅದು ಎಂಥ ಬ್ರೇಕಿಗೂ ಕದಲಿದ್ದಿಲ್ಲ. ಈಗ ಮೊದಲ ಒತ್ತಿಗೇ ಹಾರಿ ವಿಂಡ್‌ಸ್ಕ್ರೀನಿಗೆ ಕೊಕ್ಕು ಬಡಿಯಿತು. ಮೇಸ್ತ್ರಿ ಬ್ರೇಕಿಗೆ ಕೈಮುಗಿದನೋ ಗಿಳಿಗೋ ತಿಳಿಯಲಿಲ್ಲ.

ಇನ್ನೊಂದು ಸಲ ವೇಗ ಹಿಡಿದೆ. ತಿರುವಿನಾಚೆ ರಸ್ತೆಯ ಅಗಲಕ್ಕೂ ಹುರುಳಿಯ ಬಳ್ಳಿ ಹರವಿತ್ತು, ಬದಿಗೆ ರೈತನೊಬ್ಬ ಕೂತಿದ್ದ. ಒತ್ತಿದೆ. ಕಾರು ಹಾವಾಡದೆ, ಕಿರುಚದೆ, ಗೆರೆ ಎಳೆದಂತೆ ನೇರ ಬಂದು ಹುರುಳಿಗೆ ಒಂದು ಗೇಣು ಮುಂಚೆ ನಿಂತಿತು. ಮೇಸ್ತ್ರಿ ನನ್ನ ಬೆನ್ನು ತಟ್ಟಿದ. ರೈತ ಎದ್ದು ಪಂಚೆ ಕೊಡವುತ್ತ ಕಿಟಕಿಯ ಹತ್ತಿರ ಬಂದ.

“ಯಾಕ ನಿಂತ್ರಿ? ಮ್ಯಾಲೆ ಹಾಯಿಸ್ರಿ. ಒಕ್ಕಾಕಂತನ ಹಾಕೇನಿ. ಮುಂಜಾನಿಂದ ನಾಕು ಗಾಡಿ ಬಂದಾವ, ಅದ್ರಾಗ ನೀವೊಬ್ರು ಬ್ರೇಕ್ ಹೊಡದ್ರ ಹೆಂಗ? ಹಿಂದಕ ತಗೊಂಡು ಇನ್ನೊಮ್ಮೆ ಜೋರ ಬರ್ರಿ!”