ಅದು ಸ್ಟ್ರೆಸ್ಸು

ಬೆಳುವಾಯಿ ಪೇಟೆಯ ಹೋಟೆಲು. ಶೆಟ್ರ ಎದುರು ಗೋಳಿಬಜೆ, ಭಟ್ರ ಕೈಯಲ್ಲಿ ಪೇಪರು.

ಭಟ್ರು: ಮಗನನ್ನು ಮಂಗಳೂರಲ್ಲಿ ಮೆಡಿಕಲ್‌ಗೆ ಹಾಕಿದ್ರಂತೆ?

ಶೆಟ್ರು: ಹೌದು ಮಾರಾಯ್ರೆ, ತೋಟ ಅಡವಿಟ್ಟು. ಇಲ್ಲಿದ್ರೆ ಬೀಡಿ ಕಟ್ಟುವವರ ಮಕ್ಕಳ ಜೊತೆ ಸೇರಿ ಹಾಳಾಗ್ತಾನೆ.

ಭಟ್ರು: 2023ರ ಜನವರಿಯಲ್ಲಿ ಮಂಗಳೂರು ಪೊಲೀಸರು ಗಾಂಜಾ ಕೇಸಲ್ಲಿ ಹಿಡಿದದ್ದು ಡಾಕ್ಟರುಗಳನ್ನು, ಮೆಡಿಕಲ್ ಹುಡುಗರನ್ನು ಅಲ್ವಾ?

ಶೆಟ್ರು: ಪಾಪ, ಓದಿನ ಸ್ಟ್ರೆಸ್ಸು.

ಭಟ್ರು: ನಮ್ಮ ಬಸ್‌ಸ್ಟ್ಯಾಂಡಿನ ಹುಡುಗ ಸೇದಿದ್ರೆ?

ಶೆಟ್ರು: ಅದು ಚಟ! ಒದ್ದು ಒಳಗೆ ಹಾಕ್ಬೇಕು.

ಭಟ್ರು: 1985ರ ಮಾದಕವಸ್ತು ಕಾನೂನು ಇಬ್ಬರಿಗೂ ಒಂದೇ. ಸೇದಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲಾ 10,000 ರೂಪಾಯಿವರೆಗೆ ದಂಡ, ಎರಡೂ ಆದೀತು.

ಶೆಟ್ರು: ಹತ್ತೇ ಸಾವಿರವಾ? ಹಾಸ್ಟೆಲ್ ಡೆಪಾಸಿಟ್‌ಗಿಂತ ಕಡಿಮೆ ಆಯ್ತಲ್ಲ!